ಕಾಳು

ಕುಶಿರೊ ಪಟ್ಟಣದ ಇವಾಬುಚಿಯ ಅಂಗಡಿಯಲ್ಲಿ
ಗಾಜಿನ ಪೆಟ್ಟಿಗೆಯೊಳಗೆ ಎರಡೂ ಇವೆ.
ಎಡಕ್ಕೆ ಕ್ಯಾಮೆರಾ ಬಾಡಿ. ಕಪ್ಪು, ಹೊಸತು, ಮುಷ್ಟಿಗಾತ್ರದ ಗರ್ವ.
ಬಲಕ್ಕೆ ಐನೂರು ಎಂಎಂ ಲೆನ್ಸು, ಯಾರೋ ಸತ್ತವರದ್ದು,
ಬಿಳಿಬಣ್ಣ ಉಜ್ಜಿಹೋದಲ್ಲಿ ಲೋಹ ಇಣುಕುತ್ತದೆ
ಸವೆದ ಮೆಟ್ಟಿಲಿನ ಅಂಚಿನ ಹಾಗೆ.

ನನ್ನ ಹತ್ತಿರ ಇರುವುದು ಒಂದರ ದುಡ್ಡು.
ಮೂರು ಚಳಿಗಾಲ ರಾತ್ರಿ ಎರಡಕ್ಕೆದ್ದು
ರೌಸುವಿನ ರಸ್ತೆಯ ಹಿಮ ಬಾಚಿದ ದುಡ್ಡು.

ಇವಾಬುಚಿ ಚಹಾ ಬಗ್ಗಿಸುತ್ತಾನೆ, ಮಾರುವ ಆತುರವಿಲ್ಲ.
'ಬಾಡಿ ಮೀನಿದ್ದಂತೆ, ಬುಟ್ಟಿಗೆ ಬಿದ್ದ ಗಳಿಗೆಯಿಂದ ಹಳತು.
ಲೆನ್ಸು ಉಪ್ಪು.'
ಆಮೇಲೆ, ಪ್ರಾಮಾಣಿಕ ಮನುಷ್ಯ, ತಾನೇ ತಿದ್ದುತ್ತಾನೆ:
'ಉಪ್ಪಿಗೂ ತೇವ ತಾಗುತ್ತದೆ. ಟಾರ್ಚು ಬಿಟ್ಟು ನೋಡು,
ಒಳಗೆ ಮೂಲೆಯಲ್ಲಿ ಬೂಷ್ಟು, ಸಾಸಿವೆಯಷ್ಟು.'

ನನಗೆ ಬೇಕಾದದ್ದು ಒಂದು ಗೂಬೆ.
ಹೊಳೆಯ ಮೀನುಗೂಬೆ, ಆಗತಾನೆ ಹೆಜ್ಜೆ ಕಲಿತ ಮಗುವಿನಷ್ಟು ಎತ್ತರ.
ಬರುವುದು ಕತ್ತಲೆಯಲ್ಲಿ; ಕತ್ತಲೆಗೆ ಬೇಕು ಹೊಸ ಬಾಡಿ.
ಕೂರುವುದು ಆಚೆ ದಡದಲ್ಲಿ; ಆಚೆ ದಡಕ್ಕೆ ಬೇಕು ಉದ್ದ ಲೆನ್ಸು.
ಎತ್ತು ಏರಿಗೆ, ಕೋಣ ನೀರಿಗೆ.
ಫ್ಲಾಶು ಹಾಕಲಾರೆ. ಹಿಮ ಬಾಚುವಾಗ ಎದುರು ಲಾರಿಯ ದೀಪ
ಕಣ್ಣಿಗೆ ಬಡಿದರೆ ಏನಾಗುತ್ತದೆಂದು ಬಲ್ಲೆ.

ಮನೆಯಲ್ಲಿರುವ ಬಾಡಿ ಹನ್ನೊಂದು ವರ್ಷದ್ದು.
ಏಳು ಚಿತ್ರಕ್ಕೆ ಏದುಸಿರು ಬಿಡುತ್ತದೆ,
ಎಂಟನೆಯದರಲ್ಲೇ ಯಾವಾಗಲೂ ಹದ್ದು ಮೀನೆತ್ತುವುದು.

ಅಳೆದೂ ಸುರಿದೂ ಬರಿಗೈಲಿ ಕಾರು ಹತ್ತಿದೆ.

ಹೋದ ತಿಂಗಳು ಅವ್ವನ ಕಣ್ಣಿನ ಪೊರೆ ತೆಗೆಸಿದ್ದೆವು.
ಫುಸಾನೊ, ಎಂಬತ್ತೊಂದು. ಐವತ್ತು ವರ್ಷ ಸ್ಕ್ವಿಡ್ ಸೀಳಿದ ಕೈ,
ಮಂಡಿ ಮಡಚುವುದಿಲ್ಲ, ಬೆನ್ನು ನೆಟ್ಟಗಾಗುವುದಿಲ್ಲ.
ಡಾಕ್ಟರು ಮೈಯ ತಂಟೆಗೆ ಹೋಗಲಿಲ್ಲ;
ಮಸೂರದ ಬೇಳೆಯಷ್ಟೇ ಇದ್ದ ಮಸೂರವೊಂದನ್ನು
ಒಳಗಿಟ್ಟು ಮನೆಗೆ ಕಳಿಸಿದರು.
ಪಟ್ಟಿ ಬಿಚ್ಚಿದ ದಿನ ಅವಳು ನೋಡಿದ್ದು ಸಮುದ್ರವನ್ನಲ್ಲ.
'ಅಡುಗೆಮನೆ ಗೋಡೆ ಇಷ್ಟು ಕೊಳಕೇ?' ಅಂದಳು.
ನನ್ನ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿ,
'ನೀನು ಯಾವಾಗ ಮುದುಕಿಯಾದೆ?'
ಬಕೆಟ್ಟು ತರಿಸಿ, ನಿಂತೇ ಗೋಡೆ ತೊಳೆದಳು, ಕೈಗೆ ಎಟುಕಿದಷ್ಟು.
ಮೇಲಿನ ಮಸಿ ಈಗಲೂ ಇದೆ;
ದಿನಾ ನೋಡುತ್ತಾಳೆ, ದಿನಾ ಬೈಯುತ್ತಾಳೆ.

ಇದರಿಂದ ಏನಾದರೂ ಕಲಿತೆನೋ ಗೊತ್ತಿಲ್ಲ.
ಕಂಡೂ ಎಟುಕದಿರುವುದು ಒಂದು ಕಷ್ಟ,
ಕಾಣದೇ ಇರುವುದು ಇನ್ನೊಂದು.
ಬೈಗುಳವೇ ವಾಸಿ ಅನ್ನಿಸಿತು.
ಮಂಗಳವಾರ ಮತ್ತೆ ಹೋಗಿ, ಬೂಷ್ಟಿನ ಸಮೇತ, ಲೆನ್ಸು ತಂದೆ,
ಪಕ್ಕದ ಸೀಟಿನಲ್ಲಿ ಕೂರಿಸಿ, ಬೆಲ್ಟು ಹಾಕಿ.

ಫೆಬ್ರವರಿ. ಹೊಳೆಯಂಚಿನ ಮರೆಗುಡಿಸಲು. ಮೈನಸ್ ಹದಿನಾಲ್ಕು.
ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದೆ ಅನ್ನೋಣವೆಂದರೆ
ಈ ಚಳಿಗೆ ಎಣ್ಣೆಯೂ ಹೆಪ್ಪುಗಟ್ಟೀತು.
ಬ್ಯಾಟರಿಗಳಿಗೆ ಕಂಕುಳಲ್ಲಿ ಮೊಟ್ಟೆಗಳಿಗೆ ಕೊಟ್ಟಂತೆ ಕಾವು.
ಹನ್ನೆರಡು ದಾಟಿತು. ಚಂದ್ರ ಮೋಡ ಸರಿಸಿದ.
ಬೆರಳು ಇನ್ನೂ ಇದೆಯೇ ಎಂದು ಖಾಲಿ ಕೊಂಬೆಗೊಮ್ಮೆ ಒತ್ತಿ ನೋಡಿದೆ.
ಅದೇ ಹೊತ್ತಿಗೆ, ಸದ್ದಿಲ್ಲದೆ,
ಬಂತು.
ಹಳೆಯ ಬಾಡಿ ಕೆಮ್ಮಿತು, ಕೆಮ್ಮಿತು, ನಿಂತಿತು.
ಗೂಬೆ ನೀರಿಗೆ ಎರಗಿದ್ದು ನನ್ನ ಕಣ್ಣಲ್ಲಷ್ಟೇ ಇದೆ.

ಮನೆಯಲ್ಲಿ ಅವ್ವನಿಗೆ ತೋರಿಸಿದೆ.
ಚಿತ್ರದ ತುಂಬ ಕಾಳು ಕಾಳು, ರವೆ ಚೆಲ್ಲಿದ ಹಾಗೆ.
ನಾಲ್ಕನೆಯದರಲ್ಲಿ ಒಂದು ಹಳದಿ ಕಣ್ಣು, ಅದೊಂದೇ ಚೊಕ್ಕ.
'ಹಳೆಯ ಬಾಡಿ, ಕತ್ತಲೆ ತಡೆಯದು,' ಅಂದೆ, ತಪ್ಪೊಪ್ಪಿಕೊಳ್ಳುವವಳಂತೆ.
ಅವಳು ಮೂಗು ತಾಗುವಷ್ಟು ಬಾಗಿ ನೋಡಿದಳು.
'ಹುಚ್ಚಿ, ಹಿಮ ಅದು.
ಅಷ್ಟು ದಪ್ಪದ ಹಕ್ಕಿ ಕೂತರೆ ಕೊಂಬೆ ಕೊಡವದೇ ಇರುತ್ತದೆಯೇ?'

ಖಾಲಿ ಕೊಂಬೆಯ ಚಿತ್ರದಲ್ಲೂ ಅಷ್ಟೇ ಕಾಳಿವೆ.
ಅದನ್ನು ನಾನು ತೋರಿಸಲಿಲ್ಲ.